ಮೇಲಿನ ಸಾಲೇ ಕೇಳುವ ಕಿವಿ

ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು, ಮನೆಯಲ್ಲಿ ಯುರೋಪಿನ ಗಾಯನದ ಆಲ್ಬಮ್‌ಗಳನ್ನು ಗುಡ್ಡೆ ಹಾಕಿಕೊಂಡವಳು. ಕ್ರಿಸ್ಮಸ್ ಹಾಡು ನನಗೆ ಯಾವ ಮಹಾ ಅಂದುಕೊಂಡಿದ್ದೆ. ರಾಜಾಜಿನಗರದ ಒಂದು ಚರ್ಚಿನ ಗಾಯನವೃಂದದಲ್ಲಿ ಆಲ್ಟೊ ದನಿಗಳು ಸಾಲುತ್ತಿಲ್ಲ ಎಂದು ಆಫೀಸಿನ ಗೆಳತಿ ಕರೆದಳು. ವಿಜಯನಗರದಿಂದ ಅದೇನು ದೂರ, ಹೋದೆ.

ಹಾಡಬೇಕಿದ್ದದ್ದರಲ್ಲಿ ಒಂದು ಮೊಸಾರ್ಟನ ‘ಆವೇ ವೆರುಮ್ ಕೊರ್ಪುಸ್’. ಸಾಯುವುದಕ್ಕೆ ಹೆಚ್ಚುಕಡಿಮೆ ಆರು ತಿಂಗಳ ಮುಂಚೆ, 1791ರ ಜೂನ್‌ನಲ್ಲಿ, ಬಾಡೆನ್ ಊರಿನ ವೃಂದನಾಯಕ ಆಂಟನ್ ಸ್ಟೋಲ್‌ಗಾಗಿ ಬರೆದದ್ದು. ಬರೀ 46 ಬಾರ್. ಇನ್ನೊಂದು ಬೋನಿ ಎಂ 1978ರಲ್ಲಿ ಹಾಡಿದ ‘ಮೇರೀಸ್ ಬಾಯ್ ಚೈಲ್ಡ್’. ಎರಡೂ ನನಗೆ ಬಾಯಿಪಾಠ. ಬಾಯಿಪಾಠವಾಗಿದ್ದದ್ದು ಸೊಪ್ರಾನೊ ಸಾಲು ಮಾತ್ರ ಎಂಬುದು ಅಭ್ಯಾಸಕ್ಕೆ ನಿಂತ ಮೇಲೆ ಗೊತ್ತಾಯಿತು.

ನಾಲ್ಕು ಸಾಲು ಒಟ್ಟಿಗೆ ನಡೆಯುವಾಗ ಆಲ್ಟೊ ಮೇಲಿನಿಂದ ಎರಡನೆಯದು. ರಾಗವೆಲ್ಲ ಮೇಲಿನವರ ಪಾಲು. ನಮಗೆ ಅಕ್ಕಪಕ್ಕದ ನಾಲ್ಕಾರು ಸ್ವರ. ಸೊಪ್ರಾನೊಗಳು ಏರಿದ ಕೂಡಲೇ ನಾನೂ ಏರಿಬಿಡುತ್ತಿದ್ದೆ. ಅದೂ ಸಾಲದೆಂದು, ನಿಂತ ಸ್ವರವನ್ನು ಸುಮ್ಮನೆ ನಿಲ್ಲಲು ಬಿಡಲು ಗಂಟಲು ಒಪ್ಪುತ್ತಿರಲಿಲ್ಲ. ಗಮಕವಿಲ್ಲದ ಗಾಂಧಾರ ನಮಗೆ ಉಪ್ಪಿಲ್ಲದ ಸಾರು. ಅಲ್ಲಿಯ ಲೆಕ್ಕ ಬೇರೆ: ಅಷ್ಟೂ ಗಂಟಲು ಒಂದೇ ಎತ್ತರದಲ್ಲಿ, ಒಂದೇ ಥರ ಬಾಯಿ ತೆರೆದು ನಿಂತರೇ ಸ್ವರ ಕೂಡುವುದು. ಒಬ್ಬಳು ಅಲುಗಿಸಿದರೆ ಸಾಲಿಗೆ ಸಾಲೇ ಕದಡುತ್ತದೆ.

ಪೇಚಿಗೆ ಸಿಕ್ಕಿಸಿದ್ದು ಮೊಸಾರ್ಟನ ನಡುಭಾಗ. ಡಿ ಮೇಜರ್‌ನಲ್ಲಿ ಹೊರಟ ಹಾಡು ಎಫ್ ಮೇಜರ್‌ಗೆ ಜಾರಿ ಮತ್ತೆ ಮರಳುತ್ತದೆ. ಐದು ಮನೆ ಶ್ರುತಿಗೆ ಕೂತರೆ ಮಂಗಳ ಹಾಡುವವರೆಗೆ ಷಡ್ಜ ಕದಲದು ಎಂದು ನಂಬಿ ಬೆಳೆದವಳು ನಾನು. (ಗ್ರಹಭೇದದ ಮಾತು ಬಿಡಿ, ಅಲ್ಲೂ ತಂಬೂರಿ ಇದ್ದಲ್ಲೇ ಇರುತ್ತದೆ.) ಅವರ ಷಡ್ಜ ಮನೆ ಬದಲಿಸಿದರೂ ನಾನು ಹಳೇ ಮನೆಯಲ್ಲೇ.

“ನಿಮ್ಮ ಕಂಠ ಚೆನ್ನಾಗಿದೆ ಮೇಡಂ, ನಿಮ್ಮೊಬ್ಬರದ್ದೇ ಕೇಳಿಸ್ತಿದೆ” ಅಂದರು ವೃಂದ ನಡೆಸುವವರು. ಮೆಚ್ಚುಗೆ ಅಂದುಕೊಂಡು ಥ್ಯಾಂಕ್ಸ್ ಬೇರೆ ಹೇಳಿದೆ! ಕೊನೆಯ ಅಭ್ಯಾಸದ ದಿನ ಬಿಡಿಸಿ ಹೇಳಿದರು: “ಮೊಸಾರ್ಟ್‌ಗೆ ಸುಮ್ಮನೆ ತುಟಿ ಆಡಿಸಿಬಿಡಿ.” ಆಡಿಸಿದೆ. ಬೋನಿ ಎಂನ ಬಾಬಿ ಫ್ಯಾರೆಲ್ ಕೂಡ ತುಟಿ ಆಡಿಸಿದವನೇ. ರೆಕಾರ್ಡುಗಳಲ್ಲಿರುವ ಗಂಡುದನಿ ನಿರ್ಮಾಪಕ ಫ್ರಾಂಕ್ ಫಾರಿಯನ್‌ದು. ಫ್ಯಾರೆಲ್‌ಗೆ ಕುಣಿಯಲಾದರೂ ಬರುತ್ತಿತ್ತು.

ಜಯಚಾಮರಾಜೇಂದ್ರ ಒಡೆಯರಿಗೆ ಎರಡೂ ಸಂಗೀತ ಒಲಿದಿರಲಿಲ್ಲವೇ ಎಂದು ಸಮಾಧಾನ ಹೇಳಿದವರುಂಟು. ನಿಜ, 94 ಕೃತಿ ರಚಿಸಿದ ಮಹಾರಾಜರೇ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’ 1950ರ ಮೇ 22ರಂದು ಲಂಡನ್‌ನಲ್ಲಿ ಮೊದಲ ಬಾರಿ ಕೇಳಿಸಲು ಹಣದ ಹೊಣೆ ಹೊತ್ತರು. ಆದರೆ ಅಂದು ಕರ್ಸ್ಟನ್ ಫ್ಲ್ಯಾಗ್‌ಸ್ಟಾಡ್ ಹಾಡಿದ್ದು ಒಬ್ಬಳೇ, ವಾದ್ಯವೃಂದದ ಜೊತೆ. ಒಂಟಿ ಕಂಠ ನಮಗೆ ಬೇಗ ದಕ್ಕುತ್ತದೆ. ನಾನು ಸೋತದ್ದು ಗುಂಪಿನಲ್ಲಿ.

ಕೇಳುವ ಅಭ್ಯಾಸವೇ ಹಾಗಿತ್ತು. ಅಲ್ಲೆಗ್ರಿಯ ‘ಮಿಸೆರೆರೆ’ಯನ್ನು ಟ್ಯಾಲಿಸ್ ಸ್ಕಾಲರ್ಸ್‌ನ 1980ರ ರೆಕಾರ್ಡಿನಲ್ಲಿ ಹಾಕಿಕೊಂಡು, ಸೊಪ್ರಾನೊ ತಾರಕ್ಕೇರುವ ಆ ಒಂದು ಗಳಿಗೆಗೆ ಕಾಯುತ್ತಿದ್ದೆ. ಅವಳ ಕೆಳಗೆ ಇನ್ನೂ ಮೂವರು ಹಾಡುತ್ತಿದ್ದಾರೆಂಬ ಪರಿವೆಯೇ ಇರಲಿಲ್ಲ. ಆಬಾದವರೂ ಹಾಗೇ: ಅಗ್ನೇತಾ, ಫ್ರಿಡಾರ ದನಿಗಳನ್ನು ಸ್ಟುಡಿಯೊದಲ್ಲಿ ಪದರದ ಮೇಲೆ ಪದರ ಹಚ್ಚಿದ್ದಾರೆ, ನನ್ನ ಕಿವಿಗೆ ಬಿದ್ದದ್ದು ಮೇಲ್ಪದರ.

ಈಗ ಆಬಾದವರ 1976ರ ‘ಅರೈವಲ್’ ಹಾಕಿ, ಕೆಳಗಿನ ದನಿ ಹಿಡಿದು ಗುನುಗುತ್ತೇನೆ. ಹಾಡು ಯಾವುದೆಂದೇ ಗೊತ್ತಾಗುವುದಿಲ್ಲ ಎನ್ನುತ್ತಾರೆ ನಮ್ಮ ಯಜಮಾನರು. ವೃಂದದವರು ಮತ್ತೆ ಸೇರಿಸಿಕೊಂಡಿದ್ದಾರೆ, ಹಿಂದಿನ ಸಾಲಿನಲ್ಲಿ. ಎಫ್ ಮೇಜರ್ ಬಂದಾಗ ಯಾರೂ ಹೇಳಬೇಕಾಗಿಲ್ಲ, ನಾನೇ ತುಟಿ ಆಡಿಸುತ್ತೇನೆ.