20 ಬೈಟಿನ ಫೈಲುಗಳು

ಇಳಕಲ್ ಸೀರೆಗಳನ್ನು ನಾವು ಆನ್‌ಲೈನ್‌ನಲ್ಲಿ ಮಾರಲು ಶುರುಮಾಡಿದ ಮೇಲಿನ ಮೂರನೆಯ ನವರಾತ್ರಿ ಅದು. ಆಯುಧಪೂಜೆಗೆ ಇನ್ನೆರಡು ದಿನ. ರಾತ್ರಿ ಹನ್ನೊಂದರ ಹೊತ್ತಿಗೆ ಪುಣೆಯಿಂದ ಗ್ರಾಹಕಿಯೊಬ್ಬರ ಫೋನು: "ದುಡ್ಡು ಕಟ್ ಆಯ್ತು, ಆಮೇಲೆ ಪೇಜೇ ಬರ್ತಿಲ್ಲ." ಮೊಬೈಲಿನಲ್ಲಿ ನಮ್ಮ ಅಂಗಡಿ ತೆರೆದೆ. ಬಿಳಿ ಪರದೆ.

ಡಿಸ್ಕ್ ಕೆಟ್ಟಿದೆ, ಹೊಸದು ಹಾಕುತ್ತೇವೆ, ನಿಮ್ಮ ಬ್ಯಾಕಪ್ ತುಂಬಿಸಿಕೊಳ್ಳಿ ಎಂದು ಸರ್ವರ್ ಬಾಡಿಗೆ ಕೊಟ್ಟವರು ಬರೆದರು. ನನಗೆ ಗಾಬರಿಯಾಗಲೇ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ದಿನಾ ರಾತ್ರಿ ಎರಡಕ್ಕೆ ಡೇಟಾಬೇಸ್ ನಕಲಾಗಿ ಬೇರೆ ಜಾಗಕ್ಕೆ ಹೋಗಲಿ ಎಂದು ಸ್ಕ್ರಿಪ್ಟ್ ಬರೆದವನು ನಾನೇ. ಫೋಲ್ಡರ್ ತೆರೆದೆ. ತಾರೀಖು ಹೊತ್ತ ಫೈಲುಗಳು ಒಂದು ದಿನವೂ ತಪ್ಪದೆ ಸಾಲಾಗಿ ಕೂತಿದ್ದವು. ಆಮೇಲೆ ಗಾತ್ರದ ಅಂಕಣ ಕಣ್ಣಿಗೆ ಬಿತ್ತು. 20 ಬೈಟ್. ಅದರ ಹಿಂದಿನದೂ 20 ಬೈಟ್. ಸರಿಸುತ್ತ ಹೋದೆ, ಜೂನ್‌ವರೆಗೂ ಅದೇ.

ನಕಲನ್ನು ಕುಗ್ಗಿಸಿಡುವ ಜಿಜಿಪ್, ಏನೂ ಇಲ್ಲದ್ದನ್ನು ಕೊಟ್ಟರೂ 20 ಬೈಟಿನ ಫೈಲೊಂದನ್ನು ಮಾಡಿಡುತ್ತದೆ. ತಲೆ ಇದೆ, ಬಾಲ ಇದೆ, ನಡುವೆ ಹೊಟ್ಟೆಯಿಲ್ಲ. ಜೂನ್‌ನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ, ಸ್ಕ್ರಿಪ್ಟಿನಲ್ಲಿ ಹಳೆಯದೇ ಉಳಿದಿತ್ತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ತಪ್ಪಿ ಡೇಟಾಬೇಸ್ ಅಳಿಸಿದಾಗ ಅವರ ಬ್ಯಾಕಪ್ಪೂ ಹೀಗೇ ಸದ್ದಿಲ್ಲದೆ ಸೋಲುತ್ತಿತ್ತು. ಎಚ್ಚರಿಸುವ ಇಮೇಲ್‌ಗಳೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ನಕಲು ಅವರನ್ನು ಕಾಯಿತು. ಅದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ನಾನು ಓದಿದ್ದೆ ಕೂಡ. ಓದಿಯೂ ನನ್ನ ಫೋಲ್ಡರ್ ತೆರೆದು ನೋಡಿರಲಿಲ್ಲ.

ಇಳಕಲ್ ಸೀರೆಯ ವ್ಯಾಪಾರ ಗೊತ್ತಿದ್ದವರಿಗೆ ಈ ನಷ್ಟ ಎಂಥದ್ದೆಂದು ತಿಳಿದೀತು. ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುವ ತೋಪತೆನಿ ನೇಯ್ಗೆ ಅದು. ಒಂದೊಂದು ಸೀರೆಗೂ ಹಾಸು ಬೇರೆ ಹೂಡಬೇಕು. ಒಬ್ಬರಿಗೆ ಹೋದ ಸೀರೆಯಂಥದೇ ಇನ್ನೊಂದನ್ನು ಕಪಾಟಿನಿಂದ ತೆಗೆದು ಕೊಡುವಂತಿಲ್ಲ. ಯಾವುದು ಯಾರಿಗೆ ಹೋಯಿತು, ಯಾವ ನೇಕಾರರಿಗೆ ಎಷ್ಟು ಬಾಕಿ, ಎಲ್ಲವೂ ಆ ಡಿಸ್ಕಿನಲ್ಲಿ.

ಬೆಳಿಗ್ಗೆ ಪ್ಯಾಕಿಂಗ್ ಮಾಡುವ ಅಕ್ಕ ಬಂದರು. ವಿಷಯ ಕೇಳಿ ಸ್ವಲ್ಪ ಹೊತ್ತು ನಿಂತು, "ನನ್ನ ಪುಸ್ತಕ ಐತಲ್ರೀ" ಎಂದು ಮೊಳೆಗೆ ತೂಗುಹಾಕಿದ್ದ ಉದ್ದನೆಯ ಖಾತೆಪುಸ್ತಕ ತಂದಿಟ್ಟರು. ಸೀರೆಯ ಚೀಟಿ ನಂಬರು, ದಡಿ, ಬಣ್ಣ, ಊರು, ಪಿನ್‌ಕೋಡ್, ದುಡ್ಡು ಬಂದಿದೆಯೋ ಮನೆಬಾಗಿಲಲ್ಲಿ ಕೊಡುತ್ತಾರೋ, ಎಲ್ಲ ಇತ್ತು. "ಕರೆಂಟ್ ಹೋದ್ರ ಪ್ರಿಂಟ್ ಬರಂಗಿಲ್ಲಲ್ರೀ, ಅದಕ್ಕ ಬರಕೋತೀನಿ." ಯಾರೂ ಹೇಳಿರಲಿಲ್ಲ ಅವರಿಗೆ.

ಪ್ಯಾಕ್ ಆಗದ ಆರ್ಡರ್‌ಗಳನ್ನು ನಮ್ಮ ಇಮೇಲ್ ಪೆಟ್ಟಿಗೆಯಿಂದ, ಪೇಮೆಂಟ್ ಗೇಟ್‌ವೇ ಪಟ್ಟಿಯಿಂದ ಹೆಕ್ಕಿದೆವು. ಬಾಕಿಗಾಗಿ ಮಗ್ಗದ ಮನೆಗಳಿಗೇ ಹೋಗಿ ಕೇಳಿ, ಅವರು ಹೇಳಿದ ಲೆಕ್ಕವನ್ನೇ ಬರೆದುಕೊಂಡೆವು. "ಅಂಗಡಿ ಕೆಟ್ಟಿದೆ, ಈ ನಂಬರಿಗೆ ಫೋನ್ ಮಾಡಿ" ಎಂಬ ಒಂದು ಪುಟವನ್ನು ಬೇರೆ ಸರ್ವರಿನಲ್ಲಿ ಏರಿಸಿದೆ. ಆದರೆ ಡಿಎನ್‌ಎಸ್‌ನಲ್ಲಿ ಹಳೆಯ ವಿಳಾಸ ನೆನಪಿಡಲು 24 ಗಂಟೆಯ ಅವಧಿ ಇಟ್ಟಿದ್ದರಿಂದ ಎಷ್ಟೋ ಜನರಿಗೆ ಮರುದಿನದವರೆಗೂ ಬಿಳಿ ಪರದೆಯೇ. ಜಾಹೀರಾತು ನಿಲ್ಲಿಸಬೇಕೆಂದು ಹೊಳೆದದ್ದು ಮಧ್ಯಾಹ್ನ. ಅಷ್ಟು ಹೊತ್ತೂ ದುಡ್ಡು ಕೊಟ್ಟು ಜನರನ್ನು ಮುಚ್ಚಿದ ಬಾಗಿಲಿಗೆ ಕರೆಯುತ್ತಿದ್ದೆವು.

ಪುಣೆಯವರು ಕೊಂಡ ಸೀರೆ ಮೊದಲೇ ಧಾರವಾಡಕ್ಕೆ ಹೋಗಿತ್ತೆಂದು ಅಕ್ಕನ ಪುಸ್ತಕ ಹೇಳಿತು. ದುಡ್ಡು ವಾಪಸ್ ಕೊಡುತ್ತೇನೆಂದೆ. ಬೇಡ, ದೀಪಾವಳಿವರೆಗೆ ಕಾಯುತ್ತೇನೆ ಎಂದರು. ಅದೇ ನೇಕಾರರು ಮತ್ತೆ ಹಾಸು ಹೂಡಿದರು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟು, ಅಲ್ಲೇ ಬ್ಯಾಕಪ್ ಇಟ್ಟವರು ಅದನ್ನೂ ಕಳೆದುಕೊಂಡ ಸುದ್ದಿ ಬಂದಾಗ ನಮ್ಮ ನಕಲುಗಳನ್ನು ಮತ್ತೊಮ್ಮೆ ಎಣಿಸಿದೆ: ಸರ್ವರಿನಲ್ಲೊಂದು, ಬೇರೆ ಊರಿನ ಸೆಂಟರಿನಲ್ಲೊಂದು, ಮನೆಯ ಟ್ರಂಕಿನ ಹಾರ್ಡ್‌ಡಿಸ್ಕಿನಲ್ಲೊಂದು.

ಈಗ ತಿಂಗಳ ಮೊದಲ ಶನಿವಾರ ಹಳೆಯ ಕಂಪ್ಯೂಟರೊಂದಕ್ಕೆ ಬ್ಯಾಕಪ್ಪನ್ನು ಪೂರ್ತಿ ಇಳಿಸುತ್ತೇವೆ. ಅಕ್ಕ ಪುಸ್ತಕದ ನಡುವಿನ ಯಾವುದೋ ಪುಟ ತೆರೆದು ಚೀಟಿ ನಂಬರು, ಊರು ಓದುತ್ತಾರೆ. ನಾನು ಪರದೆಯಲ್ಲಿ ಹುಡುಕುತ್ತೇನೆ. ಸಿಕ್ಕಿತೆಂದರೆ ಪುಟದಂಚಿಗೆ ಗೀಟು ಎಳೆದು ಮುಂದಿನದನ್ನು ಓದುತ್ತಾರೆ.