ಸ್ವಪರಭೇದ

ನನ್ನ ಮಗಳಿಗೆ ಲೂಪಸ್ ಎಂಬ ವ್ಯಾಧಿ ತಗುಲಿ ಮೂರು ವರ್ಷಗಳಾದುವು. ಶರೀರವನ್ನು ಕಾಯಬೇಕಾದ ಶಕ್ತಿಯೇ ಶರೀರದ ಮೇಲೆ ತಿರುಗಿಬೀಳುವ ವ್ಯಾಧಿಯಿದು. ಅವಳಲ್ಲಿ ಅದು ಮೂತ್ರಪಿಂಡಗಳನ್ನು ಹಿಡಿಯಿತು. ವೈದ್ಯರು ಬೇರೆ ಔಷಧಗಳೊಡನೆ ಟ್ಯಾಕ್ರೊಲಿಮಸ್ ಎಂಬುದನ್ನೂ ಹನ್ನೆರಡು ಗಂಟೆಗಳಿಗೊಮ್ಮೆ ಸೇವಿಸುವಂತೆ ವಿಧಿಸಿದ್ದಾರೆ. ಕಳೆದ ಮಾಗಿಯಲ್ಲಿ ಅವಳಿಗೆ ಮೇಲಿಂದ ಮೇಲೆ ಜ್ವರ ಬಂದಿತು. ಒಂದು ಸಂಜೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಅಪ್ಪಾ, ಇದು ನನ್ನ ಕಾವಲುಗಾರರನ್ನೇ ಕೊಲ್ಲುವ ಔಷಧವಂತೆ. ಬಿಟ್ಟುಬಿಡಲೇ?" ಎಂದಳು. ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳನ್ನು ಓದಿಕೊಂಡವನ ಬಳಿ ಇದಕ್ಕೆ ಉತ್ತರವೆಲ್ಲಿಯದು? "ಇವತ್ತು ತೆಗೆದುಕೊ ಮಗು, ನಾಳೆ ಹೇಳುತ್ತೇನೆ" ಎಂದೆನು. ವೈದ್ಯರನ್ನು ಕಾಡಿ, ಪುಸ್ತಕಗಳನ್ನು ತಡಕಿ, ಆ ನಾಳೆ ಬರುವ ಹೊತ್ತಿಗೆ ಮೂರು ವಾರಗಳಾದುವು.

ಅವಳು ಹೇಳಿದ ಕಾವಲುಗಾರರೆಂದರೆ ಟಿ ಕಣಗಳು; ಬಿಳಿಯ ರಕ್ತಕಣಗಳಲ್ಲಿ ಅದೊಂದು ಪಂಗಡ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಅವು ಶಿಕ್ಷಣ ಪಡೆಯುತ್ತವೆ. ಟಿ ಎಂಬುದು ಆ ಗುರುಕುಲದ ಹೆಸರಿನ ಮೊದಲಕ್ಷರ. 1961ರಲ್ಲಿ ಜಾಕ್ ಮಿಲ್ಲರ್ ಎಂಬವರು ಅದರ ಪ್ರಯೋಜನವನ್ನು ತೋರಿಸಿಕೊಟ್ಟರು. ಅಲ್ಲಿಯ ಪರೀಕ್ಷೆಯಲ್ಲಿ ಮುಖ್ಯವಾದ ಪ್ರಶ್ನೆಯೆಂದರೆ, ತನ್ನದಾವುದು, ಪರರದಾವುದು? ತನ್ನ ಶರೀರದ ಮೇಲೆಯೇ ಬಲವಾಗಿ ಕೆರಳುವ ಕಣಕ್ಕೆ ಅಲ್ಲಿಯೇ ಮರಣ. ಗ್ರಂಥಿಯನ್ನು ಸೇರಿದ ಕಣಗಳಲ್ಲಿ ಬಹುಪಾಲು ಜೀವಸಹಿತ ಹೊರಕ್ಕೆ ಬರುವುದೇ ಇಲ್ಲ. ನಾನು ನಿರ್ದಯ ಪರೀಕ್ಷಕನೆಂದು ಹೆಸರಾಗಿದ್ದವನು. ನನಗೂ ಇದು ಹೆಚ್ಚೆನಿಸಿತು. ಇಷ್ಟಾದರೂ ಕೆಲವು ನುಸುಳಿಕೊಂಡು ಹೊರಬೀಳುತ್ತವೆ. ಲೂಪಸಿನಲ್ಲಿ ಅಂಥ ಟಿ ಕಣಗಳ ಪ್ರಚೋದನೆಯಿಂದ ಬಿ ಕಣಗಳೆಂಬುವು ಸ್ವಂತ ಜೀವಕೋಶಗಳ ಕೇಂದ್ರದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತವೆ. ಅವು ಮೂತ್ರಪಿಂಡದಲ್ಲಿ ತಂಗಿ ಅದನ್ನು ಸುಡುತ್ತವೆ.

ಟ್ಯಾಕ್ರೊಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತುದು. ಟಿ ಕಣವು ಶತ್ರುವನ್ನು ಕಂಡೊಡನೆ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು ಒಬ್ಬ ದೂತನ ಕಟ್ಟನ್ನು ಬಿಚ್ಚುತ್ತದೆ. ದೂತನು ಕಣದ ಕೇಂದ್ರವನ್ನು ಹೊಕ್ಕು ಇಂಟರ್‌ಲ್ಯೂಕಿನ್ 2 ಎಂಬ ವಸ್ತುವನ್ನು ಸಿದ್ಧಪಡಿಸಲು ಆಜ್ಞೆ ತರುತ್ತಾನೆ. ಆ ವಸ್ತುವಿನ ಬಲದಿಂದ ಒಂದು ಕಣ ಸಾವಿರವಾಗುತ್ತದೆ. ಟ್ಯಾಕ್ರೊಲಿಮಸ್ಸಾದರೋ ಕಣದೊಳಗಿನ ಪ್ರೋಟೀನೊಂದನ್ನು ಕೂಡಿಕೊಂಡು ಆ ಕಿಣ್ವದ ಕೈಕಟ್ಟಿಬಿಡುತ್ತದೆ. ದೂತನು ಹೊರಡುವುದೇ ಇಲ್ಲ. ಕಾವಲುಗಾರನು ಸತ್ತುದಿಲ್ಲ, ಕಂಡುದನ್ನು ಕೂಗಿ ಹೇಳಲಾರದವನಾದನು. 'ಕೊಲ್ಲುವ' ಎಂಬ ಪದ ಇಲ್ಲಿ ಅಸಾಧುವೆಂದು ತಿಳಿದಾಗ ನನ್ನಲ್ಲಿಯ ವೈಯಾಕರಣನಿಗೆ ತೃಪ್ತಿಯಾಯಿತು. ತಂದೆಗೆ ಆಗಲಿಲ್ಲ.

ಏಕೆಂದರೆ ಔಷಧಕ್ಕೂ ಸ್ವಪರಭೇದವಿಲ್ಲ. ತಪ್ಪಿತಸ್ಥ ಕಣದ ಬಾಯನ್ನು ಕಟ್ಟುವಂತೆಯೇ ಜ್ವರದ ವಿಷಾಣುವನ್ನು ಕಂಡು ಕೂಗುವ ಕಣದ ಬಾಯನ್ನೂ ಅದು ಕಟ್ಟುತ್ತದೆ. ಇನ್ನೂ ಒಂದು ಮಾತುಂಟು. ಜಗಳವನ್ನು ತಡೆಯುವುದನ್ನೇ ವೃತ್ತಿಯಾಗಿ ಪಡೆದ ಟಿ ಕಣಗಳಿವೆಯೆಂದು ಜಪಾನಿನ ಶಿಮೋನ್ ಸಕಾಗುಚಿಯವರು 1995ರಲ್ಲಿ ತೋರಿಸಿದರು. 2025ರ ನೊಬೆಲ್ ಪಾರಿತೋಷಕ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಎಂಬವರಿಗೂ ಸಂದಿತು. ಈ ಮಧ್ಯಸ್ಥ ಕಣಗಳು ಇಂಟರ್‌ಲ್ಯೂಕಿನ್ 2ನ್ನು ತಾವು ತಯಾರಿಸಲಾರವು. ನೆರೆಯವರು ತಯಾರಿಸಿದುದನ್ನು ಉಂಡೇ ಬದುಕಬೇಕು. ಗುಳಿಗೆಯು ಅವರ ಅನ್ನಕ್ಕೂ ಕೈಹಾಕುತ್ತದೆ. ಸಾಲದುದಕ್ಕೆ, ಮೂತ್ರಪಿಂಡವನ್ನು ಉಳಿಸಲೆಂದು ಕೊಟ್ಟ ಈ ಔಷಧ ಪ್ರಮಾಣ ಮೀರಿದರೆ ಮೂತ್ರಪಿಂಡವನ್ನೇ ಕೆಡಿಸುತ್ತದೆ. ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಅಳೆಯುವುದು ಅದಕ್ಕಾಗಿಯೇ. ಹಾಗೆಂದು ತಾನಾಗಿ ನಿಲ್ಲಿಸಿದರೆ ವ್ಯಾಧಿ ಮತ್ತೆ ಭುಗಿಲೇಳಬಹುದೆಂದೂ, ಈ ಬಾರಿ ಮೂತ್ರಪಿಂಡ ಉಳಿಯದೆ ಹೋಗಬಹುದೆಂದೂ ವೈದ್ಯರು ನನಗೆ ಸ್ಪಷ್ಟವಾಗಿ ಹೇಳಿದರು.

ಇದರಲ್ಲಿ ಎಷ್ಟನ್ನು ಮಗಳಿಗೆ ಹೇಳುವುದು? ಕೊಲ್ಲುವುದಿಲ್ಲವೆಂಬಲ್ಲಿಗೆ ನಿಲ್ಲಿಸಿ ಮಧ್ಯಸ್ಥರ ಕಥೆಯನ್ನು ಬಿಟ್ಟುಬಿಡೋಣವೆಂದು ಒಂದು ರಾತ್ರಿಯೆಲ್ಲ ಯೋಚಿಸಿದೆನು. ಬೆಳಿಗ್ಗೆ ಎಲ್ಲವನ್ನೂ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಜ್ವರ ಬಂದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು, ಅಲ್ಲವೇ? ಹೋದ ಸಲ ನಾಲ್ಕು ದಿನ ಮುಚ್ಚಿಟ್ಟಿದ್ದೆ" ಎಂದಳು. ನನಗೆ ತಿಳಿಯದ ಸಂಗತಿಯದು. ಆಮೇಲೆ ಗಡಿಯಾರ ನೋಡಿ ಗುಳಿಗೆ ನುಂಗಿದಳು.

ನಮ್ಮ ಹಿತ್ತಲಿನ ಚಕ್ಕೋತ ಈ ವರ್ಷ ಜಗ್ಗುವಂತೆ ಕಾಯಿಬಿಟ್ಟಿದೆ. ಆ ಹಣ್ಣು ಈ ಔಷಧವನ್ನು ಜೀರ್ಣವಾಗಗೊಡದೆ ರಕ್ತದಲ್ಲಿ ಅದರ ಮಟ್ಟವನ್ನು ಏರಿಸಬಲ್ಲುದಾದುದರಿಂದ ಅವಳಿಗೆ ವರ್ಜ್ಯ. ಅವಳೇ ಕೊಯ್ದು ನೆರೆಮನೆಗಳಿಗೆ ಹಂಚಿಬಂದಳು.