ಪೇಢೆಯ ಊರಿನಲ್ಲಿ ಮೂವರ ರುಚಿ

ಧಾರವಾಡಕ್ಕೆ ಹೋಗಿ ಬಂದವರನ್ನು ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಪೇಢಾ ತಂದ್ರಾ?" ಎಂಬುದು. ಕೇಳುವುದು ತಪ್ಪಲ್ಲ. ಆದರೆ ಆ ಊರಿನಲ್ಲಿ ತಿನ್ನುವುದಕ್ಕೆ ಎಷ್ಟಿದೆಯೋ ಓದುವುದಕ್ಕೆ, ಕೇಳುವುದಕ್ಕೆ, ವಾದ ಮಾಡುವುದಕ್ಕೆ ಅಷ್ಟೇ ಇದೆ. ಯಾರ ಹಾಡು ಮೇಲು, ಯಾವ ಅಂಗಡಿಯ ಗಿರಮಿಟ್ಟು ರುಚಿ, ಬೇಂದ್ರೆಯವರ ಯಾವ ಪದ್ಯ ಮೊದಲು ಓದಬೇಕು ಎಂದು ಅಲ್ಲಿಯ ಹಿರಿಯರು ಚಹಾ ಆರಿಹೋದರೂ ಬಿಡದೆ ಮಾತಾಡುತ್ತಾರೆ.

ದಸರಾ ರಜೆಯಲ್ಲಿ ನಾವು ಮೂವರು ಅಲ್ಲಿಗೆ ಹೋದೆವು. ನನ್ನ ಅಮ್ಮನಿಗೆ ಈಗ 81. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಮದುವೆಯಾಗಿ ಬಂದದ್ದು ಮೈಸೂರಿಗೆ. ಊರು ಬಿಟ್ಟು ಅರವತ್ತು ವರ್ಷವಾದರೂ ಅವಳ ಮಾತು ಮಾತ್ರ ಇನ್ನೂ ಅಲ್ಲೇ ಇದೆ. ನನ್ನ ಮಗಳು ಏಳನೇ ತರಗತಿ. ಅಮ್ಮನಿಗೆ ಎಲ್ಲವೂ "ನಮ್ಮ ಕಾಲದಾಗ ಛಲೋ ಇತ್ತು". ಮಗಳಿಗೆ ಎಲ್ಲವೂ ಒಂದೋ "ಸೂಪರ್", ಇಲ್ಲವೇ "ಬೋರು". ಹೀಗಾಗಿ ರೈಲು ಹತ್ತುವ ಮೊದಲೇ ಒಂದು ಕರಾರು ಮಾಡಿಕೊಂಡೆವು: ಏನೇ ತಿಂದರೂ, ಓದಿದರೂ, ಕೇಳಿದರೂ ಇಷ್ಟವಾಯಿತು, ಇಷ್ಟವಾಗಲಿಲ್ಲ ಎಂದಷ್ಟೇ ಹೇಳುವಂತಿಲ್ಲ. ಯಾಕೆ ಎಂದೂ ಹೇಳಬೇಕು.

ಸಿಹಿಯೊಳಗಿನ ಹೊಗೆ

ಹುಬ್ಬಳ್ಳಿಯಲ್ಲಿ ಇಳಿದು ‘ಚಿಗರಿ’ ಬಸ್ಸು ಹತ್ತಿದೆವು. ಎರಡೂ ಊರುಗಳ ನಡುವೆ ತನ್ನದೇ ದಾರಿಯಲ್ಲಿ ಓಡುವ ಈ ಬಸ್ಸಿಗೆ ಜಿಂಕೆಯ ಹೆಸರು. ಆ ಕಡೆ ಜಿಂಕೆಗೆ ಚಿಗರಿ ಎನ್ನುತ್ತಾರೆ. ಮಗಳ ಮೊದಲ "ಸೂಪರ್" ಈ ಬಸ್ಸಿಗೇ ಬಂತು. ಕಾರಣವನ್ನೂ ಹೇಳಿದಳು: "ಟ್ರಾಫಿಕ್ಕಿನಲ್ಲಿ ನಿಲ್ಲೋದೇ ಇಲ್ಲ."

ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆಯ ಅಂಗಡಿಯ ಮುಂದೆ ಸಾಲು ಇತ್ತು. ಈ ಸಿಹಿ ಹುಟ್ಟಿನಿಂದ ಧಾರವಾಡದ್ದಲ್ಲ. 19ನೇ ಶತಮಾನದಲ್ಲಿ ಈಗಿನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಇದನ್ನು ಇಲ್ಲಿ ಮಾಡತೊಡಗಿದರು. ಅಲ್ಲಿ ಪ್ಲೇಗು ಬಂದಾಗ ಊರು ಬಿಟ್ಟವರು ಎಂದು ಹೇಳುತ್ತಾರೆ. ಈಗ ಧಾರವಾಡ ಪೇಢೆಗೆ ಜಿಐ ಗುರುತು, ಅಂದರೆ ಈ ಊರಿನದೇ ಎಂಬ ಸರಕಾರಿ ಮುದ್ರೆ ಇದೆ. ಹಾಲನ್ನು ಬತ್ತಿಸಿ ಖೋವಾ ಮಾಡಿ, ಸಕ್ಕರೆ ಸೇರಿಸಿ, ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ. ಕೈ ಬಿಡದೆ ಕೈಯಾಡಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಆಮೇಲೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ.

ನನ್ನ ಅಭಿಪ್ರಾಯ: ಹೊರಗಿನ ಸಕ್ಕರೆ ಹೆಚ್ಚು. ನಾನು ಅದನ್ನು ತಟ್ಟಿ ಉದುರಿಸಿಯೇ ತಿನ್ನುವುದು. ಅಮ್ಮ ನನ್ನನ್ನು ನೋಡಿ, "ಸಕ್ಕರಿ ಉದರಿಸಿ ಪೇಢಾ ತಿನ್ನಾಕಿ ನಮ್ಮ ಮನ್ಯಾಗ ಹ್ಯಾಂಗ ಹುಟ್ಟಿದಿ?" ಅಂದಳು. ಮಗಳು ಮಾತ್ರ ನಿಧಾನವಾಗಿ ಅಗಿದು ಹೇಳಿದಳು: "ಅಮ್ಮಾ, ಇದರಲ್ಲಿ ಸುಟ್ಟ ವಾಸನೆ ಸ್ವಲ್ಪವೇ ಸ್ವಲ್ಪ ಇದೆ. ಅದಕ್ಕೇ ಬರೀ ಸಿಹಿ ಅನ್ನಿಸಲ್ಲ." ಅಮ್ಮ ಸುಮ್ಮನಾದಳು. ಎಂಟು ದಶಕ ತಿಂದವಳಿಗೂ ಅದನ್ನು ಹಾಗೆ ಹೇಳಬಹುದು ಎಂದು ಹೊಳೆದಿರಲಿಲ್ಲವಂತೆ.

ಅಟ್ಟದ ಮೇಲಿನ ಪುಸ್ತಕ

ಸುಭಾಷ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮನೋಹರ ಗ್ರಂಥಮಾಲೆ. ಊರವರಿಗೆ ಅದು ‘ಅಟ್ಟ’. ಜಡಭರತ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಿ.ಬಿ. ಜೋಶಿಯವರು ಇದನ್ನು 1933ರಲ್ಲಿ ಶುರುಮಾಡಿದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದ. ಅಮ್ಮನ ಅಪ್ಪ ಗ್ರಂಥಮಾಲೆಯ ಚಂದಾದಾರರಾಗಿದ್ದರು. ಅಂಚೆಯಲ್ಲಿ ಪುಸ್ತಕದ ಕಟ್ಟು ಬಂದ ದಿನ ಮೊದಲು ಯಾರು ಓದಬೇಕು ಎಂದು ಅಣ್ಣ ತಂಗಿಯರಲ್ಲಿ ಜಟಾಪಟಿ. ಅಮ್ಮ ಕಡೆಯವಳು, ಅವಳ ಸರದಿ ಬರುವಷ್ಟರಲ್ಲಿ ಕಥೆಯ ಕೊನೆ ಯಾರಾದರೂ ಹೇಳಿಬಿಟ್ಟಿರುತ್ತಿದ್ದರು. "ಅದಕ್ಕ ನನಗ ಇವತ್ತಿಗೂ ಕೊನಿ ಮುಖ್ಯ ಅಲ್ಲ. ನಡುವಿನದೇ ರುಚಿ," ಅಂದಳು.

ಮಗಳು ಆರಿಸಿದ್ದು ಕಾರ್ನಾಡರ ‘ತುಘಲಕ್’. ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದ, ತಾಮ್ರದ ನಾಣ್ಯ ತಂದ ಸುಲ್ತಾನನ ಬಗ್ಗೆ ಅವಳು ಶಾಲೆಯಲ್ಲಿ ಓದಿದ್ದಳು. ರಾತ್ರಿ ಕೋಣೆಯಲ್ಲಿ ಅರ್ಧ ಓದಿ ತೀರ್ಪು ಕೊಟ್ಟಳು: "ಪಾಠದಲ್ಲಿ ಅವನು ಹುಚ್ಚ. ಇಲ್ಲಿ ಹಾಗಿಲ್ಲ. ಜಾಣ, ಅದಕ್ಕೇ ಹೆಚ್ಚು ಭಯ ಆಗುತ್ತೆ." ನನಗೆ ಆ ನಾಟಕದಲ್ಲಿ ಸುಲ್ತಾನನಿಗಿಂತ ಎಲ್ಲರಿಗೂ ಟೋಪಿ ಹಾಕುವ ಅಜೀಜನೇ ಇಷ್ಟ. ಅಮ್ಮನಿಗೆ ಅವನನ್ನು ಕಂಡರೆ ಆಗದು. "ಕಳ್ಳನ್ನ ನೋಡಿ ನಗತೀರಿ, ಹಾಂಗಾಗೇ ಕಳ್ಳರು ಬೆಳೀತಾರ," ಎನ್ನುವುದು ಅವಳ ವಾದ. ಮೂವರಿಗೆ ಮೂರು ನಾಟಕ ಕಂಡಿತು, ಪುಸ್ತಕ ಒಂದೇ.

ಆ ಸಂಜೆ ತಿಂದದ್ದು ಗಿರಮಿಟ್ಟು ಮತ್ತು ಮಿರ್ಚಿ ಭಜಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈರುಳ್ಳಿ ಹುರಿದು ಹುಣಸೆ ರಸ ಹಾಕಿ ಕುದಿಸಿದ ಒಗ್ಗರಣೆಗೆ ಮಂಡಕ್ಕಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಸೇವು ಹಾಕಿ ಕೊಡುತ್ತಾರೆ. ಕಲಸಿದ ಕೂಡಲೇ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಈ ಒಂದು ವಿಷಯದಲ್ಲಿ ಮೂವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಬಾಯಿ ಉರಿಯುತ್ತಿದ್ದುದರಿಂದ ಕಾರಣ ಹೇಳಲು ಯಾರಿಗೂ ಆಗಲೂ ಇಲ್ಲ.

ಬಾಯಲ್ಲಿ ಆಡಬೇಕಾದ ಪದ್ಯ

ಮರುದಿನ ಬೆಳಿಗ್ಗೆ ಸಾಧನಕೇರಿ. ಕೆರೆಯ ಹತ್ತಿರ ವರಕವಿ ದ.ರಾ. ಬೇಂದ್ರೆಯವರ ಮನೆ ‘ಶ್ರೀಮಾತಾ’, ಪಕ್ಕದಲ್ಲಿ ಬೇಂದ್ರೆ ಭವನ. 1896ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಅವರ ಮನೆಮಾತು ಮರಾಠಿ. ಬರೆದದ್ದು ಮುಖ್ಯವಾಗಿ ಕನ್ನಡದಲ್ಲಿ, ಅದೂ ಧಾರವಾಡದ ಓಣಿಯ ಕನ್ನಡದಲ್ಲಿ. ‘ನಾಕುತಂತಿ’ ಸಂಕಲನಕ್ಕೆ ಜ್ಞಾನಪೀಠ ಪ್ರಶಸ್ತಿ ಬಂತು.

ಇದನ್ನು ಹೇಳಿದಾಗ ಮಗಳು ಒಂದು ಲೆಕ್ಕ ಹಾಕಿದಳು: ಪೇಢಾ ಉತ್ತರ ಪ್ರದೇಶದ್ದು, ಕವಿಯ ಮನೆಮಾತು ಮರಾಠಿ, ಇಲ್ಲಿಯವರು ಹಾಡುವುದು ಹಿಂದೂಸ್ತಾನಿ. "ಹಾಗಾದರೆ ಧಾರವಾಡದ್ದು ಅಂತ ಏನಿದೆ ಅಜ್ಜಿ?"

"ಎಲ್ಲಾನೂ ಅದ. ಬಂದದ್ದನ್ನ ಇಟಗೊಂಡು ತಮ್ಮದ ಮಾಡಿಕೊಂಡಾರಲ್ಲ, ಅದ ಧಾರವಾಡ," ಅಂದಳು ಅಮ್ಮ.

ಕೆರೆಯ ಬದಿಯ ಬೆಂಚಿನಲ್ಲಿ ಕೂತು ಮಗಳು ಬೇಂದ್ರೆಯವರ ಒಂದು ಪದ್ಯ ಓದತೊಡಗಿದಳು. ಎರಡನೇ ಸಾಲಿಗೇ ನಿಂತಳು. "ಅರ್ಥ ಆಗಲ್ಲ. ಬೋರು." ಅಮ್ಮ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದಿದಳು, ತೊಡೆಯ ಮೇಲೆ ತಾಳ ಹಾಕುತ್ತ. "ಅರ್ಥ ಆಮ್ಯಾಲ ಬರ್ತದ ಖೋಡಿ, ಎಲ್ಲಿಗೂ ಹೋಗಂಗಿಲ್ಲ. ಮೊದಲ ಬಾಯಾಗ ಆಡಲಿ." ಮೂರನೇ ಸಲ ಇಬ್ಬರೂ ಒಟ್ಟಿಗೆ ಓದಿದರು. ಪಕ್ಕದಲ್ಲಿ ವಾಕಿಂಗಿಗೆ ಬಂದ ಹಿರಿಯರೊಬ್ಬರು ನಿಂತು, ಒಂದು ಶಬ್ದದ ಉಚ್ಚಾರ ತಿದ್ದಿ, ಮುಂದೆ ನಡೆದರು. ಅದು ಧಾರವಾಡ.

ನನ್ನ ಮಾತು ಹೇಳಬೇಕೆಂದರೆ, ಬೇಂದ್ರೆಯವರ ಕೊನೆಗಾಲದ ಕೆಲವು ಪದ್ಯಗಳು ನನಗೆ ಇಂದಿಗೂ ಕಬ್ಬಿಣದ ಕಡಲೆ. ಹಾಡಿನಂಥ ಮೊದಲಿನ ಪದ್ಯಗಳೇ ನನಗೆ ಪ್ರಿಯ. ದೊಡ್ಡ ಕವಿಯೆಂದು ಎಲ್ಲವೂ ಇಷ್ಟವಾಗಲೇಬೇಕು ಎಂದೇನಿಲ್ಲ, ಮಕ್ಕಳೇ. ಆದರೆ ಒಂದು ಸಲವಾದರೂ ಗಟ್ಟಿಯಾಗಿ ಓದಿ ನೋಡದೆ ಬೇಡ ಎನ್ನಬೇಡಿ.

ಅಜ್ಜಿಗಾಗಿ ಕೇಳಿದ ರಾಗ

ಈಗ ಹಾಡಿನ ಮಾತು. ಧಾರವಾಡದ ಸುತ್ತಲಿನ ನೆಲ ಕೊಟ್ಟಷ್ಟು ಹಿಂದೂಸ್ತಾನಿ ಗಾಯಕರನ್ನು ಇಷ್ಟು ಚಿಕ್ಕ ಸೀಮೆ ಬೇರೆಲ್ಲೂ ಕೊಟ್ಟಿರಲಾರದು ಎನ್ನುವುದು ನನ್ನ ಹೆಮ್ಮೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರು ಮತ್ತು ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು, ಬಸವರಾಜ ರಾಜಗುರುಗಳು, ಮಲ್ಲಿಕಾರ್ಜುನ ಮನ್ಸೂರರು. 1956ರವರೆಗೆ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಉತ್ತರದ ಉಸ್ತಾದರು, ಮರಾಠಿ ನಾಟಕ ಕಂಪನಿಗಳು ಬಂದು ಹೋಗುತ್ತಿದ್ದರು. ಆ ದಾರಿಯಲ್ಲಿ ಬಂದ ಸಂಗೀತ ಇಲ್ಲಿ ಬೇರು ಬಿಟ್ಟಿತು.

ಅಮ್ಮ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವಳು. ಅವಳಿಗೆ ಮನ್ಸೂರರೇ ದೇವರು. ಧಾರವಾಡದಲ್ಲಿರುವ ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಒಳಗೆ ನೋಡಿ ಬಂದು ಹೊರಗೆ ನೆರಳಿನಲ್ಲಿ ಕೂತೆವು. ಬೆಳಗಿನ ಹೊತ್ತಾದ್ದರಿಂದ ಬೆಳಗಿನ ರಾಗವೇ ಆಗಬೇಕೆಂದು ಅಮ್ಮನ ಹಟ. ಮೊಬೈಲಿನಲ್ಲಿ ಮನ್ಸೂರರ ‘ಯಮನಿ ಬಿಲಾವಲ್’ ಹಾಕಿದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಎರಡು ವರ್ಷದಿಂದ ಅಮ್ಮನಿಗೆ ಕಿವಿ ಮಂದ. ಯಂತ್ರ ಹಾಕಿಕೊಂಡರೆ ಮಾತು ಕೇಳುತ್ತದೆ, ಸಂಗೀತ ಮಾತ್ರ ಡಬ್ಬಿಯೊಳಗೆ ಸಿಕ್ಕಿಕೊಂಡ ಜೇನುನೊಣದಂತೆ ಕೇಳುತ್ತದಂತೆ. ಮನೆಯಲ್ಲಿ ಅವಳು ಹಾಡು ಹಾಕುವುದನ್ನೇ ಬಿಟ್ಟಿದ್ದಳು. ಆ ದಿನ ಸ್ವಲ್ಪ ಹೊತ್ತು ಕೇಳಿ, ಯಂತ್ರ ತೆಗೆದು ಮಡಿಲಲ್ಲಿಟ್ಟುಕೊಂಡು, ಮೊಮ್ಮಗಳ ಹತ್ತಿರ ಸರಿದಳು. "ನನಗ ನೀಟ ಕೇಳಸವಲ್ದು. ನೀ ಕೇಳು, ಏನು ಮಾಡ್ಲಿಕ್ಕತ್ತಾರ ನನಗ ಹೇಳು."

ಮಗಳು ನನ್ನ ಮುಖ ನೋಡಿದಳು. ಶಾಸ್ತ್ರೀಯ ಸಂಗೀತ ಎಂದರೆ ಓಡಿಹೋಗುವ ಹುಡುಗಿ. ಆದರೆ ಅಜ್ಜಿ ಕಾಯುತ್ತಿದ್ದಾಳೆ. ಮೊಬೈಲು ಕಿವಿಗಿಟ್ಟುಕೊಂಡಳು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಅಜ್ಜಿಯ ಕಿವಿಯ ಬಳಿ ಬಾಯಿಟ್ಟು ಗಟ್ಟಿಯಾಗಿ ಹೇಳತೊಡಗಿದಳು:

"ಈಗ ಮೇಲೆ ಹೋದರು... ಉಸಿರೇ ಬಿಡ್ತಿಲ್ಲ... ತಿರುಗಿ ತಿರುಗಿ ಕೆಳಗೆ ಬಂದರು. ಅಜ್ಜೀ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರ್ತಾರೆ. ಆದರೆ ಪ್ರತಿ ಸಲ ಬೇರೆ ದಾರಿಯಿಂದ ಬರ್ತಾರೆ."

"ಅದಕ್ಕ ಸಮ್ ಅಂತಾರ," ಅಂದಳು ಅಮ್ಮ. "ತಾಳದ ಮೊದಲನೇ ಪೆಟ್ಟು. ಎಲ್ಲೇ ತಿರಗ್ಯಾಡಿದ್ರೂ ಅಲ್ಲಿಗೆ ಬರಬೇಕು. ಈಗ ಬಂದರೇನು?" ಕೈಯಿಂದ ತಾಳ ಹಾಕಿದಳು. ಮಗಳು ಅವಳ ಕೈ ಹಿಡಿದು, ಸಮ್ ಬಂದಾಗಲೆಲ್ಲ ಒತ್ತತೊಡಗಿದಳು. ಹಾಡು ಮುಗಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಾನು ಕೆರೆ, ಮನೆ, ಅಂಗಡಿ ಎಲ್ಲದರ ಫೋಟೋ ತೆಗೆದಿದ್ದೆ. ಇದರದ್ದು ತೆಗೆಯಲು ಮನಸ್ಸಾಗಲಿಲ್ಲ.

ಕರಾರಿನಂತೆ ಮಗಳ ಅಭಿಪ್ರಾಯ ಕೇಳಿದೆ. "ಇನ್ನೂ ಸ್ವಲ್ಪ ಬೋರೇ. ಪೂರ್ತಿ ಅಲ್ಲ. ಮುಂದೆ ಏನು ಮಾಡ್ತಾರೆ ಅಂತ ಕಾಯಬೇಕು ಅನ್ನಿಸ್ತು." ಅಮ್ಮನಿಗೆ ಇದು ಸಾಕಾಯಿತು. ನನಗೂ.

ಆ ರಾತ್ರಿ ಮೂವರೂ ಕೂತು ‘ಸಂಧ್ಯಾರಾಗ’ ಸಿನಿಮಾ ನೋಡಿದೆವು. ಅ.ನ.ಕೃ. ಅವರ ಕಾದಂಬರಿಯಿಂದ 1966ರಲ್ಲಿ ಬಂದದ್ದು. ಸಂಗೀತಗಾರನಾಗಿ ರಾಜ್‌ಕುಮಾರ್, ಹಾಡಿದವರಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ. ಮಗಳ ಟೀಕೆ: ಅಳು ಜಾಸ್ತಿ, ಹಾಡು ಬಂದಾಗ ಸರಿಹೋಗುತ್ತದೆ. ಈ ಬಾರಿ ಅಮ್ಮ "ನಮ್ಮ ಕಾಲದಾಗ" ಎನ್ನಲಿಲ್ಲ. "ಹೌದು, ಅಳು ಜರಾ ಹೆಚ್ಚೇ ಅದ," ಎಂದು ಒಪ್ಪಿದಳು. ನನಗೆ ಆ ಅಳುವೇ ಇಷ್ಟವೆಂದು ಹೇಳಿದ್ದಕ್ಕೆ ಇಬ್ಬರೂ ಸೇರಿ ನಕ್ಕರು.

ಹೋಗುವವರಿಗೆ

ಧಾರವಾಡವನ್ನು ಒಂದೇ ದಿನದಲ್ಲಿ ಓಡಿಸಿಕೊಂಡು ನೋಡಬೇಡಿ, ಎರಡು ದಿನವಾದರೂ ಇರಲಿ. ಮಳೆಗಾಲ ಕಳೆದ ಕೂಡಲೇ ಊರು ಹಸಿರಾಗಿ ತಂಪಾಗಿರುತ್ತದೆ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಉಣ್ಣಿ. ರೊಟ್ಟಿ ಬಿಸಿಯಿರುವಾಗಲೇ ತಿನ್ನಿ, ಮೊಸರು ಕೇಳಿ ಹಾಕಿಸಿಕೊಳ್ಳಿ.

ಮಕ್ಕಳೇ, ಅಜ್ಜ ಅಜ್ಜಿಯರ ಇಷ್ಟದ ಒಂದು ಹಾಡನ್ನು ಪೂರ್ತಿ ಕೇಳಿ, ಅದರಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಹೇಳಿ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಇಷ್ಟದ ಒಂದು ಹಾಡನ್ನು ಗದ್ದಲ ಎನ್ನದೆ ಕೊನೆಯವರೆಗೆ ಕೇಳಿ. ನಮ್ಮ ಮನೆಯಲ್ಲಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ಹೀಗೇ ನಡೆಯುತ್ತಿದೆ: ಮೊದಲು ಒಂದು ರಾಗ, ಆಮೇಲೆ ಮಗಳು ಆರಿಸಿದ ಒಂದು ಸಿನಿಮಾ ಹಾಡು. ಸಮ್ ಬಂದಾಗ ಕೈ ಒತ್ತುವುದು ಮಗಳ ಕೆಲಸ. ಸಿನಿಮಾ ಹಾಡಿನಲ್ಲೂ ಅಮ್ಮ ಸಮ್ ಹುಡುಕುತ್ತಾಳೆ, ಸಿಗುತ್ತದೆ ಕೂಡ.